ನಿಮ್ಮ ಎನ್ ಎಷ್ಟು?

ನಾನು ಸಂಖ್ಯಾಶಾಸ್ತ್ರ ಕಲಿಸುವವಳು. ಮುಂಗಾರಿನ ಬೆಳೆ ಕೊಯ್ದು ಮುಗಿಯಿತೆಂದರೆ ನನ್ನ ಕೋಣೆಯ ಮುಂದೆ ಲ್ಯಾಪ್‌ಟಾಪ್ ಹಿಡಿದ ಸಂಶೋಧನಾ ವಿದ್ಯಾರ್ಥಿಗಳು ಕಾಣಿಸಿಕೊಳ್ಳುತ್ತಾರೆ. ಎಕ್ಸೆಲ್ ಶೀಟು ತುಂಬಿರುತ್ತದೆ. ಥೀಸಿಸ್ ಕೊಡುವ ದಿನ ಹತ್ತಿರವಾಗಿರುತ್ತದೆ. ‘ಮೇಡಂ, ಇದಕ್ಕೆ ಯಾವ ಟೆಸ್ಟ್ ಹಾಕಬೇಕು?’ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಎನ್ ಎಷ್ಟು? ಎನ್ ಅಂದರೆ ಪ್ರಯೋಗದಲ್ಲಿ ಸ್ವತಂತ್ರವಾಗಿ ಎಣಿಸಬಹುದಾದ ಘಟಕಗಳ ಸಂಖ್ಯೆ.

ಒಂದು ಉದಾಹರಣೆ ನೋಡಿ. ರಾಗಿಗೆ ಎರಡು ಬಗೆಯ ಗೊಬ್ಬರ. ಒಂದೊಂದಕ್ಕೂ ಮೂರು ತಾಕು, ಯಾವ ತಾಕಿಗೆ ಯಾವುದು ಅನ್ನುವುದು ಚೀಟಿ ಎತ್ತಿ ತೀರ್ಮಾನವಾಗಿದೆ. ಪ್ರತಿ ತಾಕಿನಲ್ಲಿ 20 ಗಿಡ ಆರಿಸಿ ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸಿದ್ದಾರೆ. ಹಾಗಾಗಿ ಗೊಬ್ಬರಕ್ಕೆ 60 ಗಿಡ, ಎನ್ 60 ಅನ್ನುತ್ತಾರೆ. ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮಾಡಿದರೆ ಪಿ ತೀರಾ ಸಣ್ಣದಾಗಿ ಬರುತ್ತದೆ, ಖುಷಿಯಾಗುತ್ತದೆ. ಪಿ ಅಂದರೆ ಗೊಬ್ಬರಗಳಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಆಕಸ್ಮಿಕವಾಗಿ ಕಾಣುವ ಸಂಭವ.

ಆದರೆ ಗೊಬ್ಬರ ಹಾಕಿದ್ದು ಗಿಡಕ್ಕಲ್ಲ, ತಾಕಿಗೆ. ಒಂದು ತಾಕಿನ 20 ಗಿಡಕ್ಕೂ ಒಂದೇ ಮಣ್ಣು, ಒಂದೇ ತೇವ, ಬದುವಿನ ಮೇಲಿನ ಒಂದೇ ಮರದ ನೆರಳು. ಒಂದೇ ಮನೆಯ 20 ಜನರನ್ನು ಮಾತಾಡಿಸಿ ಊರೆಲ್ಲ ಹೀಗೇ ಹೇಳುತ್ತದೆ ಅಂದ ಹಾಗಾಯಿತು, ಅಲ್ವಾ? ಇಲ್ಲಿ ಎನ್ ಮೂರು. ಇಪ್ಪತ್ತು ಗಿಡ ಎಣಿಸಿದ್ದು ವ್ಯರ್ಥವೇನಲ್ಲ, ತಾಕಿನ ಸರಾಸರಿ ಅದರಿಂದ ಗಟ್ಟಿಯಾಗುತ್ತದೆ. ತಾಕುಗಳ ಸಂಖ್ಯೆ ಮಾತ್ರ ಹೆಚ್ಚುವುದಿಲ್ಲ. ಪರಿಸರವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಈ ತಪ್ಪನ್ನು ಸ್ಯೂಡೋರೆಪ್ಲಿಕೇಶನ್ ಎಂದು ಕರೆದರು. ಹುಸಿ ಪುನರಾವರ್ತನೆ ಅನ್ನಬಹುದು.

ಇದನ್ನು ಸೂತ್ರ ಬರೆದು ಹೇಳಿದರೆ ತಲೆಯಾಡಿಸುತ್ತಾರೆ, ಮರುದಿನ ಮರೆಯುತ್ತಾರೆ. ಅದಕ್ಕೇ ನಾನು ಆರು ಚೀಟಿ ಕೊಡುತ್ತೇನೆ. ಒಂದೊಂದರ ಮೇಲೆ ಒಂದು ತಾಕಿನ ಸರಾಸರಿ. ಗೊಬ್ಬರದಿಂದ ಏನೂ ವ್ಯತ್ಯಾಸ ಆಗಿಲ್ಲ ಎಂದುಕೊಳ್ಳಿ. ಹಾಗಿದ್ದರೆ ಈ ಆರನ್ನು ಮೂರು-ಮೂರಾಗಿ ಹೇಗೆ ಬೇಕಾದರೂ ಹಂಚಬಹುದಿತ್ತು. ಎಷ್ಟು ರೀತಿ? ಬರೆದು ನೋಡಿ ಅನ್ನುತ್ತೇನೆ. ಕೂತು ಬರೆಯುತ್ತಾರೆ: 20 ರೀತಿ. ಅತಿ ದೊಡ್ಡ ಮೂರು ಅಂಕಿ ಒಂದೇ ಗೊಬ್ಬರದ ಕಡೆ ಬೀಳುವುದು ಒಂದು ರೀತಿಯಲ್ಲಿ. ಇನ್ನೊಂದು ಗೊಬ್ಬರದ ಕಡೆ ಬೀಳುವುದೂ ಒಂದು ರೀತಿಯಲ್ಲಿ. 20ರಲ್ಲಿ 2, ಅಂದರೆ 0.1. ಈ ಎಣಿಕೆಯ ಪಿ ಇದೇ. ಗೊಬ್ಬರ ಎಷ್ಟೇ ಚೆನ್ನಾಗಿರಲಿ, ಮೂರು ತಾಕಿನಲ್ಲಿ ಈ ಎಣಿಕೆ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಪಿ 0.05ಕ್ಕಿಂತ ಕಡಿಮೆ ಬಂದರೆ ಸಿಗ್ನಿಫಿಕೆಂಟ್ ಅನ್ನುವುದು ರೂಢಿ. ಅವರು ಹುಡುಕುತ್ತಿದ್ದ ಆ 0.05 ಆ ಹೊಲದಲ್ಲಿ ಇರಲೇ ಇಲ್ಲ!

ಈಗ ಒಂದೊಂದು ತಾಕು ಜಾಸ್ತಿ ಮಾಡಿ. ನಾಲ್ಕು-ನಾಲ್ಕಾಗಿ ಹಂಚಲು 70 ರೀತಿ. 70ರಲ್ಲಿ 2 ಅಂದರೆ 0.03ಕ್ಕಿಂತ ಕಡಿಮೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೇಳಿದ ಚಹಾದ ಪ್ರಯೋಗದ ಲೆಕ್ಕವೂ ಇದೇ: ಎಂಟು ಕಪ್, ಅದರಲ್ಲಿ ಹಾಲು ಮೊದಲು ಹಾಕಿದ ನಾಲ್ಕನ್ನು ರುಚಿ ನೋಡಿ ಗುರುತಿಸಬೇಕು, ಆರಿಸಲು 70 ದಾರಿ.

ಟಿ-ಟೆಸ್ಟ್ ಮೂರು ತಾಕಿನಲ್ಲೂ ಇದಕ್ಕಿಂತ ಸಣ್ಣ ಪಿ ಕೊಡಬಹುದು. ಅಂಕಿಗಳು ನಾರ್ಮಲ್ ಹಂಚಿಕೆಯಿಂದ (ಹೆಚ್ಚಿನವು ಸರಾಸರಿಯ ಸುತ್ತ ಸೇರುವ ಗಂಟೆಯಾಕಾರದ ಹಂಚಿಕೆ) ಬಂದಿವೆ ಅನ್ನುವ ನಂಬಿಕೆಯ ಮೇಲೆ ಅದು ಲೆಕ್ಕ ಹಾಕುತ್ತದೆ. ಮೂರೇ ಅಂಕಿ ನೋಡಿ ಆ ನಂಬಿಕೆ ಸರಿಯೋ ತಪ್ಪೋ ಹೇಳಲಾಗದು.

ಕೊಯ್ಲು ಮುಗಿಸಿ ಬಂದವರಿಗೆ ನಾನು ಹೇಳುವುದಿಷ್ಟು. ಗಿಡದ ಅಂಕಿಗಳನ್ನು ತಾಕಿನ ಸರಾಸರಿಗೆ ಇಳಿಸಿ, ಆ ಆರರ ಮೇಲೆ ಲೆಕ್ಕ ಮಾಡಿ. ಎರಡು ಗೊಬ್ಬರದ ವ್ಯತ್ಯಾಸ ಎಷ್ಟು, ಅದರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಎಷ್ಟು ಅಗಲ ಎಂದು ಬರೆಯಿರಿ. ‘ಸಿಗ್ನಿಫಿಕೆಂಟ್ ಬಂದಿಲ್ಲ’ ಎಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಅಗಲವಾದ ಇಂಟರ್ವಲ್ ಅನ್ನು ಅಗಲವಾಗಿದೆ ಎಂದೇ ಬರೆಯುವುದು ಒಳ್ಳೆಯ ಸಂಶೋಧನೆ. ಗೈಡ್‌ಗಳೂ ಈ ಧೈರ್ಯ ತುಂಬಬೇಕು.

ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರ ಬಳಿ ಬರುವುದು ಮರಣೋತ್ತರ ಪರೀಕ್ಷೆ ಮಾಡಿಸಿದಂತೆ ಎಂದು ಫಿಶರ್ 1938ರಲ್ಲಿ ಕಲ್ಕತ್ತಾದಲ್ಲೇ ಹೇಳಿದ್ದರು. ಅದಕ್ಕಾಗಿ ನನ್ನ ತರಗತಿಯ ಮೊದಲ ವಾರಗಳಲ್ಲಿ ಸಾಫ್ಟ್‌ವೇರ್ ತೆರೆಯುವುದಿಲ್ಲ. ಬಿತ್ತನೆಗೆ ಮೊದಲೇ ಹೊಲದ ನಕ್ಷೆ ಬರೆದು ತರಬೇಕು, ಅಷ್ಟೇ.

ಈ ಸಲ ಏಪ್ರಿಲ್‌ನಲ್ಲೇ ಒಬ್ಬ ಹುಡುಗಿ ನಕ್ಷೆ ತಂದಳು. ಎಂಟು ತಾಕು, ನೀಟಾಗಿ ಗೆರೆ ಎಳೆದಿದ್ದಳು. ‘ಇಳಿಜಾರು ಯಾವ ಕಡೆಗಿದೆ? ನೀರು ಎಲ್ಲಿ ನಿಲ್ಲುತ್ತದೆ?’ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ನಕ್ಷೆ ನೋಡಿದಳು. ‘ಒಂದು ಮಳೆ ಬಂದ ಮೇಲೆ ಹೋಗಿ ನೋಡಿಕೊಂಡು ಬರ್ತೀನಿ ಮೇಡಂ’ ಎಂದು ಹಾಳೆ ಮಡಚಿಕೊಂಡು ಹೋದಳು.