ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ

ಮಕ್ಕಳ ಜೊತೆ ಕುಂಡದಲ್ಲಿ ಸೊಪ್ಪು ಬೆಳೆಸ್ತೀರಾ ಅಂದ್ರೆ ಮೆಂತ್ಯದಿಂದ ಶುರು ಮಾಡಿ, ಎರಡು ಮೂರು ದಿನಕ್ಕೆಲ್ಲ ಮೊಳಕೆ ಬಂದ್ಬಿಡತ್ತೆ, ಅವರ ತಾಳ್ಮೆನೂ ಅಷ್ಟೇ ಇರೋದು. ನಾನು ಕೊತ್ತಂಬರಿ ಹಾಕಿ ಹತ್ತು ದಿನ "ಅಮ್ಮಾ ಬಂತಾ, ಬಂತಾ" ಅಂತ ಕೇಳಿಸ್ಕೊಂಡೆ. ಆದ್ರೂ ಒಂದು ಲಾಭ ಆಯ್ತು, ಧನಿಯಾನ ಚಪ್ಪಲಿ ಅಡಿ ಹಾಕಿ ಮೆತ್ತಗೆ ಉಜ್ಜಿದಾಗ ಒಂದೊಂದೂ ಎರಡು ಹೋಳಾಯ್ತು, ನಾವು ಬೀಜ ಅನ್ನೋದು ಅಸಲಿಗೆ ಒಣಗಿದ ಕಾಯಿ, ಒಳಗೆ ಎರಡು ಬೀಜ ಇರತ್ತೆ ಅಂತ ಮಗಳು ಕಣ್ಣಾರೆ ನೋಡಿದ್ಲು.

ದೊಡ್ಡಪತ್ರೆಗೆ ಬೀಜದ ರಗಳೇನೇ ಇಲ್ಲ, ಒಂದು ಕಡ್ಡಿ ಮುರಿದು ಚುಚ್ಚಿದ್ರೆ ಸಾಕು. ಎಲೆ ಉಜ್ಜಿ ಮೂಸಿದವಳು "ಓಮದ ವಾಸನೆ" ಅಂದ್ಲು, ಸರಿಯಾಗೇ ಹೇಳಿದ್ಲು ಅನ್ನಿ, ಓಮದಲ್ಲೂ ಇರೋ ಥೈಮಾಲ್ ಮತ್ತೆ ಅದರ ಒಡಹುಟ್ಟಿದ ಹಾಗಿರೋ ಕಾರ್ವಕ್ರಾಲ್ ಅನ್ನೋ ಎಣ್ಣೆ ಅಂಶಗಳು ಈ ಘಾಟಿಗೆ ಕಾರಣ. ಎಲೆ ಮೇಲಿನ ಸಣ್ಣ ಸಣ್ಣ ರೋಮಗಳ ಗ್ರಂಥಿಯಲ್ಲಿ ಆ ಎಣ್ಣೆ ಇರತ್ತೆ, ಉಜ್ಜಿದ ತಕ್ಷಣ ಒಡೆಯತ್ತೆ. ಗಿಡ ಅದನ್ನ ಇಟ್ಕೊಂಡಿರೋದು ನಮ್ಮ ತಂಬುಳಿಗಲ್ಲ, ತಿನ್ನೋಕೆ ಬರೋ ಹುಳಗಳನ್ನ ಓಡಿಸೋಕೆ ಅಂದೆ.

"ಮತ್ತೆ ಕರಿಬೇವನ್ನ ಯಾರಮ್ಮ ತಿಂದಿದ್ದು?"

ಹೋಗಿ ನೋಡಿದ್ರೆ ಎಲೆಯೆಲ್ಲ ಅರ್ಧರ್ಧ. ಒಂದರ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು, ಒರೆಸೋಕೆ ಹೋದೆ, ಹಿಕ್ಕೆ ಅಲ್ಲಾಡ್ತು! ಕಾಮನ್ ಮಾರ್ಮನ್ ಚಿಟ್ಟೆಯ ಮರಿಹುಳ ಅದು, ಹಕ್ಕಿ ತಿನ್ನದಿರಲಿ ಅಂತ ಈ ವೇಷ. ನಿಂಬೆ, ಕರಿಬೇವು ಒಂದೇ ಕುಟುಂಬದ ಗಿಡಗಳು, ಅವುಗಳ ಘಾಟು ಈ ಹುಳಕ್ಕೆ ಒಗ್ಗಿಹೋಗಿದೆ, ತಾಯಿ ಚಿಟ್ಟೆ ಮುಂಗಾಲಲ್ಲಿ ಎಲೆ ತಟ್ಟಿ ರುಚಿ ನೋಡಿ (ಹೌದು, ಕಾಲಲ್ಲೇ) ಆಮೇಲೆ ಮೊಟ್ಟೆ ಇಡತ್ತೆ. ಕೆಲವು ದಿನಕ್ಕೆ ಹುಳ ಪೊರೆ ಬಿಟ್ಟು ಹಸಿರಾಯ್ತು. ಇವಳು ಕಡ್ಡೀಲಿ ಮುಟ್ಟಿದ್ಲು ನೋಡಿ, ತಲೆ ಹಿಂದಿಂದ ಕೆಂಪು ಕವಲು ಕೊಂಬು ಪುಳಕ್ ಅಂತ ಹೊರಗೆ ಬಂತು, ಜೊತೆಗೆ ಮೂಗು ಮುಚ್ಕೊಳ್ಳೋ ವಾಸನೆ. "ಇದೂ ಓಡಿಸೋಕೆ ತಾನೇ?" ಅಂದ್ಲು.

ಅಂಗಡಿ ಕರಿಬೇವನ್ನ ಮಾತ್ರ ಹುಳಕ್ಕೆ ಹಾಕ್ಬೇಡಿ, ಔಷಧಿ ಹೊಡೆದಿರ್ತಾರೆ. ಒಗ್ಗರಣೆಗೆ ಈಗ ನಾವು ಅದನ್ನೇ ತೊಳೆದು ತೊಳೆದು ಹಾಕ್ತಿದೀವಿ, ಕುಂಡದಲ್ಲಿ ಉಳಿದಿರೋ ಆರು ಎಸಳನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ಆರ್ಡರ್ ಆಗಿದೆ.