ಲರ್ನಿಂಗ್ ರಿಮೋಟ್: ಗಿಣಿಪಾಠ ಒಪ್ಪಿಸುವ ರಿಮೋಟ್

ಮನೆಯ ಡಿಶ್ ರಿಮೋಟನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ಬಹಳಷ್ಟು ರಿಮೋಟ್‌ಗಳಲ್ಲಿ ನಾಲ್ಕೈದು ಬಟನ್‌ಗಳ ಹತ್ತಿರ 'ಟಿವಿ' ಅಂತ ಬರೆದಿರುತ್ತದೆ. ಪವರ್, ಸೌಂಡು, ಮ್ಯೂಟ್, ಸೋರ್ಸ್. ಒತ್ತಿದರೆ ಏನೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಅವು ವರ್ಷಗಟ್ಟಲೆ ಸುಮ್ನೆ ಕೂತಿದ್ದವು. ಟಿವಿ ರಿಮೋಟು, ಡಿಶ್ ರಿಮೋಟು ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆವು. ಸೌಂಡು ಜಾಸ್ತಿ ಮಾಡಲು ಹೋಗಿ ಚಾನೆಲ್ ಬದಲಾಗುವುದು ದಿನಾ ಇದ್ದದ್ದೇ.

ಆ ಬಟನ್‌ಗಳು ಕೆಟ್ಟಿರಲಿಲ್ಲ. ಯಾರೂ ಪಾಠ ಹೇಳಿರಲಿಲ್ಲ, ಅಷ್ಟೆ.

ಇನ್ನೊಂದು ರಿಮೋಟ್ ಕಳಿಸುವ ಸಂಕೇತವನ್ನು ಹಿಡಿದು, ನೆನಪಿಟ್ಟುಕೊಂಡು, ಒತ್ತಿದಾಗಲೆಲ್ಲ ಹಾಗ್‌ಹಾಗೇ ಒಪ್ಪಿಸುವ ರಿಮೋಟಿಗೆ 'ಲರ್ನಿಂಗ್ ರಿಮೋಟ್' ಅನ್ನುತ್ತಾರೆ. ಹೆಸರಿನಲ್ಲಿ ಕಲಿಕೆ ಇದ್ದರೂ ಇದು ಪಕ್ಕಾ ಗಿಣಿಪಾಠ. ಹೇಳುತ್ತಿರುವುದರ ಅರ್ಥ ಅದಕ್ಕೆ ಗೊತ್ತಿಲ್ಲ. ಎದುರಿಗಿರುವುದು ಟಿವಿಯೋ ಫ್ಯಾನೋ ಅನ್ನುವುದೂ ಗೊತ್ತಿಲ್ಲ.

ಅಂಗಡಿಯಲ್ಲಿ ಸಿಗುವ 'ಯೂನಿವರ್ಸಲ್ ರಿಮೋಟ್' ಇದರ ದಾಯಾದಿ. ಅದರೊಳಗೆ ಬೇರೆಬೇರೆ ಕಂಪನಿಗಳ ಸಂಕೇತಗಳನ್ನು ಮೊದಲೇ ತುಂಬಿರುತ್ತಾರೆ. ಜೊತೆಗೆ ಬಂದ ಪಟ್ಟಿಯಲ್ಲಿ ನಿಮ್ಮ ಟಿವಿ ಕಂಪನಿಗೆ ಕೊಟ್ಟಿರುವ ನಂಬರ್ ಹಾಕಿದರೆ ಸಾಕು. ಪಟ್ಟಿಯಲ್ಲಿ ಇಲ್ಲದ ಟಿವಿಯಾದರೆ ಮಾತ್ರ ಕೈಕಟ್ಟಿ ನಿಲ್ಲುತ್ತದೆ. ಗಿಣಿಗೆ ಪಟ್ಟಿಯೇ ಬೇಡ, ಅಲ್ವಾ? ಹೆಸರು ಕೇಳದ ಕಂಪನಿಯ ಟಿವಿಯಾದರೂ ಅದರ ರಿಮೋಟ್ ಕೈಯಲ್ಲಿದ್ದರೆ ಆಯಿತು. ಈ ಆಲೋಚನೆ ಹಳೆಯದು. ಆಪಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲೇ 'ಕೋರ್' ಅನ್ನುವ ಇಂಥ ರಿಮೋಟನ್ನು ಮಾರುಕಟ್ಟೆಗೆ ತಂದಿದ್ದರು.

ಗಿಣಿ ಕೇಳಿಸಿಕೊಳ್ಳುವುದು ಏನನ್ನು? ರಿಮೋಟಿನ ಮೂತಿಯಲ್ಲಿರುವ ಪುಟ್ಟ ಬಲ್ಬು ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ನಮ್ಮ ಕಣ್ಣಿಗೆ ಕಾಣದು, ಆದರೆ ಎಷ್ಟೋ ಮೊಬೈಲ್‌ಗಳ ಸೆಲ್ಫಿ ಕ್ಯಾಮೆರಾದಲ್ಲಿ ಮಿಣುಕುವುದು ಕಾಣುತ್ತದೆ. ಈ ಬೆಳಕು ಸಾಮಾನ್ಯವಾಗಿ ಸೆಕೆಂಡಿಗೆ 38,000 ಸಲ ಹತ್ತಿ ಆರುತ್ತದೆ. ಅದನ್ನು ಶ್ರುತಿ ಅಂದುಕೊಳ್ಳಿ. ಬಿಸಿಲು, ಬಲ್ಬಿನ ಬೆಳಕಿನ ಗದ್ದಲದ ನಡುವೆ ಟಿವಿ ಈ ಶ್ರುತಿಯನ್ನು ಮಾತ್ರ ಹುಡುಕುತ್ತದೆ. ಶ್ರುತಿಯ ಮೇಲೆ ತಾಳ. ತುಂಬಾ ಬಳಕೆಯಲ್ಲಿರುವ, ಜಪಾನಿನ ಎನ್‌ಇಸಿ ಕಂಪನಿಯ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡ್ ಬೆಳಕು, 4.5 ಮಿಲಿಸೆಕೆಂಡ್ ಕತ್ತಲೆ. 'ಗಮನವಿಟ್ಟು ಕೇಳು' ಅಂದ ಹಾಗೆ. ಆಮೇಲೆ 32 ಮಿಣುಕು. ಮಿಣುಕಿನ ನಂತರದ ಕತ್ತಲೆ ಗಿಡ್ಡವಾದರೆ ಸೊನ್ನೆ, ಉದ್ದವಾದರೆ ಒಂದು. ಎಲ್ಲ ಮುಗಿಯುವುದು ಸೆಕೆಂಡಿನ ಹದಿನೈದನೇ ಒಂದು ಭಾಗದಲ್ಲಿ. ಲರ್ನಿಂಗ್ ರಿಮೋಟ್ ಬರೆದಿಟ್ಟುಕೊಳ್ಳುವುದು ಈ ಬೆಳಕು ಕತ್ತಲೆಗಳ ಉದ್ದವನ್ನೇ.

ಶ್ರುತಿಯಲ್ಲೂ ವ್ಯತ್ಯಾಸ ಇರುತ್ತದೆ. ಸೋನಿಯದು 40,000, ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿಯದು 36,000. ಕೆಲವು ಅಗ್ಗದ ರಿಮೋಟ್‌ಗಳು ಇದನ್ನು ಗಮನಿಸದೆ ಎಲ್ಲವನ್ನೂ 38,000ದಲ್ಲೇ ಹಾಡುತ್ತವೆ. ಹತ್ತಿರ ಹೋಗಿ ಒತ್ತಿದರೆ ಕೆಲಸ ಮಾಡುತ್ತದೆ, ಸೋಫಾದಲ್ಲಿ ಕೂತು ಒತ್ತಿದರೆ ಇಲ್ಲ ಅನ್ನುವ ತಾಪತ್ರಯಕ್ಕೆ ಇದೂ ಒಂದು ಕಾರಣ.

ಇನ್ನು ಪಾಠ ಹೇಳುವ ಕ್ರಮ. ಬಟನ್‌ಗಳ ಹೆಸರು ಕಂಪನಿಗೊಂದು ತರ, ಆದರೆ ಆಟ ಹೆಚ್ಚುಕಡಿಮೆ ಒಂದೇ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಹೇಳಿರುವ ಬಟನನ್ನು ಪುಟ್ಟ ದೀಪ ಹತ್ತುವವರೆಗೆ ಒತ್ತಿ ಹಿಡಿಯಬೇಕು. ಎರಡು ರಿಮೋಟ್‌ಗಳನ್ನು ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಮೇಜಿನ ಮೇಲಿಡಬೇಕು. ಡಿಶ್ ರಿಮೋಟಿನಲ್ಲಿ ಕಲಿಯಬೇಕಾದ ಬಟನ್, ಆಮೇಲೆ ಟಿವಿ ರಿಮೋಟಿನಲ್ಲಿ ಕಲಿಸಬೇಕಾದ ಬಟನ್. ದೀಪ ಮಿಣುಕಿದರೆ ಪಾಠ ತಲೆಗೆ ಹೋಯಿತು. ನಮ್ಮ ಮನೆಯಲ್ಲಿ ಮೂರು ಸಲ ಸೋತೆ. ಕೊನೆಗೆ ನೋಡಿದರೆ ಟಿವಿ ರಿಮೋಟಿಗೆ ಅಮ್ಮ ತೊಡಿಸಿದ್ದ ಪ್ಲಾಸ್ಟಿಕ್ ಕವರ್ ಮೂತಿಯ ಹತ್ತಿರ ಮಡಚಿಕೊಂಡು ಮಸುಕಾಗಿತ್ತು. ಕವರ್ ತೆಗೆದ ಮೇಲೆ ಎರಡು ನಿಮಿಷದ ಕೆಲಸ. ಬಿಸಿಲು ಬೀಳುವ ಕಿಟಕಿ ಪಕ್ಕ, ಸಿಎಫ್‌ಎಲ್ ದೀಪದ ಕೆಳಗೆ ಇದನ್ನು ಮಾಡಬೇಡಿ. ಗಿಣಿ ಆ ಗದ್ದಲವನ್ನೂ ಸೇರಿಸಿ ಕಲಿಯುತ್ತದೆ.

ಬಟನ್ ಮೇಲೆ 'ಸೋರ್ಸ್' ಅಂತ ಬರೆದಿದ್ದರೂ ಟಿವಿಯ ಸೋರ್ಸನ್ನೇ ಕಲಿಸಬೇಕೆಂದೇನಿಲ್ಲ. ನಾನು ಅದಕ್ಕೆ ಹಾಲ್‌ನಲ್ಲಿರುವ ರಿಮೋಟ್ ಫ್ಯಾನಿನ ಪವರ್ ಬಟನ್ ಕಲಿಸಿದೆ. ಫ್ಯಾನಿನದೂ ಇನ್‌ಫ್ರಾರೆಡ್ ರಿಮೋಟ್ ಆದ್ದರಿಂದ ತಕರಾರಿಲ್ಲದೆ ಕಲಿಯಿತು. ಬ್ಲೂಟೂತ್ ರಿಮೋಟ್ ಆಗಿದ್ದರೆ ಆಗುತ್ತಿರಲಿಲ್ಲ. ಅದು ರೇಡಿಯೋ ಅಲೆ, ಬೆಳಕು ನೋಡುವ ಗಿಣಿಯ ಕಣ್ಣಿಗೆ ಕಾಣುವುದಿಲ್ಲ.

ಗಿಣಿಯ ಬಂಡವಾಳ ಬಯಲಾಗುವುದು ಎಸಿ ಮುಂದೆ. ಟಿವಿ ರಿಮೋಟ್ 'ಸೌಂಡು ಒಂದು ಮೆಟ್ಟಿಲು ಏರಿಸು' ಅನ್ನುತ್ತದೆ. ಎಸಿ ರಿಮೋಟ್ ಹಾಗಲ್ಲ. ಯಾವ ಬಟನ್ ಒತ್ತಿದರೂ ಸಾಮಾನ್ಯವಾಗಿ ಇಡೀ ವರದಿ ಒಪ್ಪಿಸುತ್ತದೆ: ಆನ್ ಆಗಿರು, ಕೂಲ್ ಮೋಡ್, 25 ಡಿಗ್ರಿ, ಫ್ಯಾನ್ ಮಧ್ಯಮ. ಅದಕ್ಕೇ ಅದರ ಮೇಲೊಂದು ಪರದೆ ಇರುವುದು. 24ರಿಂದ 25ಕ್ಕೆ ಏರಿಸುವಾಗ ಕಲಿಸಿದ ಬಟನ್ ನಾಳೆ ಒತ್ತಿದರೂ 25, ಹತ್ತು ಸಲ ಒತ್ತಿದರೂ 25. ಆದರೆ ಇದನ್ನೇ ಉಪಯೋಗ ಮಾಡಿಕೊಳ್ಳಬಹುದು. ರಾತ್ರಿಗೆ ಬೇಕಾದ ಹಾಗೆ ಎಲ್ಲ ಹೊಂದಿಸಿ ಆ ವರದಿಯನ್ನು ಒಂದು ಬಟನ್‌ಗೆ, ಆಫ್ ಮಾಡುವುದನ್ನು ಇನ್ನೊಂದಕ್ಕೆ ಕಲಿಸಿದರೆ ಎರಡೇ ಬಟನ್‌ನಲ್ಲಿ ಕೆಲಸ ಮುಗಿಯಿತು. ವರದಿ ಉದ್ದ ಆದ್ದರಿಂದ ಸಣ್ಣ ರಿಮೋಟ್‌ಗಳ ತಲೆಗೆ ಹಿಡಿಸದೆ ಪಾಠ ಅರ್ಧಕ್ಕೆ ನಿಲ್ಲುವುದೂ ಉಂಟು.

ಟಿವಿಯ ಹಳೇ ರಿಮೋಟನ್ನು ಎಸೆಯಬೇಡಿ. ಪಿಕ್ಚರ್ ಸೆಟ್ಟಿಂಗು, ಮೆನು ಎಲ್ಲ ಅದರಲ್ಲೇ ಇರುವುದು. ಡಿಶ್ ರಿಮೋಟ್ ಕೆಟ್ಟರೆ ಹೊಸದಕ್ಕೆ ಪಾಠ ಹೇಳಲೂ ಅದೇ ಬೇಕು. ಸೆಲ್ ಮಾತ್ರ ತೆಗೆದಿಡಿ, ಒಳಗೇ ಬಿಟ್ಟರೆ ಸೋರಬಹುದು.