ಡೈವ್ ಮಾಡಿದ ದಿನ ಓಡಬಹುದಾ?

ಮ್ಯಾರಥಾನ್‌ಗೆ ತಯಾರಿ ಮಾಡುತ್ತಿರುವವರು ಸ್ಕೂಬಾ ಡೈವಿಂಗ್‌ಗೆಂದು ಒಂದು ವಾರ ಹೊರಟರೆ ಬ್ಯಾಗಿನಲ್ಲಿ ಓಟದ ಶೂ ಇದ್ದೇ ಇರುತ್ತದೆ. ಬೆಳಿಗ್ಗೆ ಎರಡು ಡೈವ್, ಸಂಜೆ ಬಿಸಿಲು ಇಳಿದ ಮೇಲೆ ಹತ್ತು ಕಿಲೋಮೀಟರ್ ಓಟ. ಚೆನ್ನಾಗಿ ಹೊಂದುತ್ತೆ ಅಲ್ವಾ? ಇಲ್ಲ. ಇಡೀ ದಿನದಲ್ಲಿ ಓಡಲೇಬಾರದ ಹೊತ್ತು ಅಂತ ಒಂದಿದ್ದರೆ ಅದು ಇದೇ. ಓಟವನ್ನೂ ಡೈವಿಂಗನ್ನೂ ಒಬ್ಬರೇ ವರ್ಷಗಟ್ಟಲೆ ಆರಾಮಾಗಿ ಮಾಡಬಹುದು. ಆದರೆ ಎಷ್ಟು ಓಡುತ್ತೀರಿ ಅನ್ನುವುದಕ್ಕಿಂತ ಯಾವಾಗ ಓಡುತ್ತೀರಿ ಅನ್ನುವುದೇ ಇಲ್ಲಿ ದೊಡ್ಡ ವಿಷಯ.

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಕೆಳಗೆ ಇರುವುದು ದಡದಲ್ಲಿ ಇರುವುದರ ನಾಲ್ಕು ಪಟ್ಟು ಒತ್ತಡ, ಸಿಲಿಂಡರಿನಿಂದ ಬರುವ ಗಾಳಿಯನ್ನು ಉಸಿರಾಡುವುದೂ ಅದೇ ಒತ್ತಡದಲ್ಲಿ. ಆ ಗಾಳಿಯಲ್ಲಿ ಸುಮಾರು 78 ಶೇಕಡಾ ನೈಟ್ರೋಜನ್. ದೇಹಕ್ಕೆ ಅದರಿಂದ ಏನೂ ಕೆಲಸವಿಲ್ಲ, ಸುಮ್ನೆ ರಕ್ತದಲ್ಲಿ ಕರಗಿ ಅಲ್ಲಿಂದ ಸ್ನಾಯು, ಕೀಲು, ಕೊಬ್ಬು ಎಲ್ಲ ಕಡೆ ಸೇರಿಕೊಳ್ಳುತ್ತದೆ. ರಕ್ತ ಚೆನ್ನಾಗಿ ಹರಿಯುವ ಕಡೆ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಕೊಬ್ಬು, ಕೀಲುಗಳಲ್ಲಿ ಎರಡೂ ನಿಧಾನ. ಆಳ, ಸಮಯ ನೋಡಿ ಲೆಕ್ಕ ಹಾಕಲು ಡೈವರ್‌ಗಳು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಬಳಸುವ ಬ್ಯೂಲ್‌ಮನ್ ಲೆಕ್ಕಾಚಾರ ದೇಹವನ್ನು 16 ಕಾಲ್ಪನಿಕ ಭಾಗಗಳಾಗಿ ನೋಡುತ್ತದೆ. ಅದರಲ್ಲಿ ತೀರಾ ನಿಧಾನದ ಭಾಗ ತನ್ನ ಹೆಚ್ಚುವರಿ ನೈಟ್ರೋಜನ್‌ನಲ್ಲಿ ಅರ್ಧದಷ್ಟು ಬಿಡಲಿಕ್ಕೇ ಹತ್ತು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳುತ್ತದೆ. ಅಂದರೆ ಸ್ನಾನ ಮಾಡಿ, ಊಟ ಮುಗಿಸಿ, ಶೂ ಲೇಸ್ ಕಟ್ಟುವ ಹೊತ್ತಿಗೂ ನಿಮ್ಮ ದೇಹದ ಮಟ್ಟಿಗೆ ಡೈವ್ ಮುಗಿದಿಲ್ಲ.

ಒತ್ತಡ ಬೇಗ ಇಳಿದರೆ ಕರಗಿದ ಅನಿಲ ಗುಳ್ಳೆಯಾಗುತ್ತದೆ. 1670ರಲ್ಲಿ ವಿಜ್ಞಾನಿ ರಾಬರ್ಟ್ ಬಾಯ್ಲ್ ಒಂದು ಹಾವನ್ನು ಗಾಜಿನ ಪಾತ್ರೆಯಲ್ಲಿಟ್ಟು ಒಳಗಿನ ಗಾಳಿ ಎಳೆದಾಗ, ಅದರ ಕಣ್ಣಿನೊಳಗೆ ಗುಳ್ಳೆಯೊಂದು ಓಡಾಡುವುದನ್ನು ಕಂಡು ಬರೆದಿಟ್ಟಿದ್ದಾನೆ. ಇಂಥ ಗುಳ್ಳೆಗಳಿಂದ ಬರುವ ತೊಂದರೆಯೇ ಡಿಕಂಪ್ರೆಶನ್ ಸಿಕ್‌ನೆಸ್, ಡೈವರ್‌ಗಳ ಬಾಯಲ್ಲಿ ಬೆಂಡ್ಸ್. 1908ರಲ್ಲಿ ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು ಆಡುಗಳ ಮೇಲೆ ಮಾಡಿದ ಪ್ರಯೋಗಗಳ ಆಧಾರದಲ್ಲಿ ಹಂತ ಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಕೊಟ್ಟರು. ಇವತ್ತು ಕಲಿಸುವ ನಿಮಿಷಕ್ಕೆ ಸುಮಾರು 9 ಮೀಟರ್ ವೇಗ, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವುದು, ಇವೆಲ್ಲ ಆ ಎಚ್ಚರದ ಮುಂದುವರಿಕೆ.

ಈ ನಿಯಮಗಳನ್ನೆಲ್ಲ ಪಾಲಿಸಿದವರಲ್ಲೂ ಗುಳ್ಳೆಗಳು ಇರುತ್ತವೆ. ಡೈವ್ ಆದ ಮೇಲೆ ಅಲ್ಟ್ರಾಸೌಂಡ್ ಹಿಡಿದು ನೋಡಿದರೆ ಆರೋಗ್ಯವಂತರ ರಕ್ತನಾಳದಲ್ಲೂ ಅವು ಹರಿದುಹೋಗುವುದು ಕಾಣುತ್ತದೆ. ಮೊದಲ ಒಂದೆರಡು ಗಂಟೆಯಲ್ಲಿ ಜಾಸ್ತಿ. ಸಾಮಾನ್ಯವಾಗಿ ಶ್ವಾಸಕೋಶದ ಸಣ್ಣ ನಾಳಗಳು ಅವುಗಳನ್ನು ತಡೆದು ಹಿಡಿಯುತ್ತವೆ, ಅನಿಲ ಉಸಿರಿನ ಜೊತೆ ಹೊರಗೆ ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಜೋರಾದ ಓಟ ಕೆಡಿಸುವುದು ಈ ವ್ಯವಸ್ಥೆಯನ್ನೇ. ಸ್ನಾಯು ಮತ್ತು ಕೀಲುಗಳು ರಭಸದಿಂದ ಎಳೆದಾಡುವಾಗ ಒಳಗೆ ಕ್ಷಣಕಾಲ ಒತ್ತಡ ಕುಸಿದು ಹೊಸ ಗುಳ್ಳೆಗಳಿಗೆ ಜಾಗವಾಗುತ್ತದೆ. ಶ್ರಮ ಹೆಚ್ಚಿದಾಗ ಶ್ವಾಸಕೋಶದಲ್ಲಿ ಸೋಸುವ ಜಾಲವನ್ನು ತಪ್ಪಿಸಿ ಹೋಗುವ ಅಡ್ಡದಾರಿಗಳೂ ತೆರೆಯುತ್ತವೆ. ಇನ್ನೊಂದು ದಾರಿ ಹೃದಯದಲ್ಲೇ ಇರಬಹುದು: ಹುಟ್ಟುವ ಮೊದಲು ಎರಡು ಮೇಲ್ಕೋಣೆಗಳ ನಡುವೆ ಇರುವ ಕಿಂಡಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ, ಹೆಚ್ಚಿನವರಿಗೆ ಅದು ಇದೆ ಅಂತಲೇ ತಿಳಿದಿರುವುದಿಲ್ಲ. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಗುಳ್ಳೆ ಅಲ್ಲಿಂದ ದಾಟಿ ಮಿದುಳು, ಬೆನ್ನುಹುರಿಯ ಕಡೆ ಹೋಗಬಲ್ಲದು. ಹಾಗಾಗಿ ಓಟದ ಬದಲು ಜಿಮ್‌ಗೆ ಹೋಗುತ್ತೇನೆ ಅನ್ನುವುದೂ ಪರಿಹಾರ ಅಲ್ಲ. ಕೈಗೆ ಕಟ್ಟಿದ ಕಂಪ್ಯೂಟರಿಗೆ ಆಳ ಗೊತ್ತು, ಸಮಯ ಗೊತ್ತು. ನೀವು ಆಮೇಲೆ ಓಡಿದ್ದು ಗೊತ್ತಿಲ್ಲ.

ಡೈವ್‌ಗೆ ಮೊದಲು ಓಡಿದರೆ ಕಥೆ ಬೇರೆ, ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ನಾರ್ವೆಯಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಹಿಂದಿನ ದಿನ ಓಡಿಸಿದ ಇಲಿಗಳಲ್ಲಿ ಗುಳ್ಳೆ ಕಡಿಮೆ ಕಂಡವು. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 12 ಡೈವರ್‌ಗಳನ್ನು ಒತ್ತಡದ ಕೋಣೆಯಲ್ಲಿ 18 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿ 80 ನಿಮಿಷ ಇಟ್ಟರು. 24 ಗಂಟೆ ಮೊದಲು 40 ನಿಮಿಷ ಟ್ರೆಡ್‌ಮಿಲ್ ಮೇಲೆ ಓಡಿದ್ದಾಗ ಅವರಲ್ಲೂ ಗುಳ್ಳೆ ಕಡಿಮೆಯಾಯಿತು. ವ್ಯಾಯಾಮದಿಂದ ಹುಟ್ಟುವ ನೈಟ್ರಿಕ್ ಆಕ್ಸೈಡ್ ರಕ್ತನಾಳದ ಗೋಡೆಯನ್ನು ಬದಲಿಸಿ ಗುಳ್ಳೆಯ ಬೀಜಗಳು ಅಂಟಿಕೊಳ್ಳದಂತೆ ಮಾಡಬಹುದು ಅನ್ನುವುದು ಒಂದು ಊಹೆ. ಆದರೆ ಇದನ್ನು ಡೈವ್‌ಗೆ ಮುಂಚೆ ಮೈಮುರಿದು ಓಡಲು ಸಿಕ್ಕ ಅನುಮತಿ ಅಂತ ಓದಬೇಡಿ. ಅಲ್ಲಿ ಎಣಿಸಿದ್ದು ಗುಳ್ಳೆಗಳನ್ನು, ಕಾಯಿಲೆಯನ್ನಲ್ಲ. ಅಂತರಿಕ್ಷ ನಿಲ್ದಾಣದಲ್ಲೂ ಇದೇ ಸಮಸ್ಯೆ ಇದೆ. ಸ್ಪೇಸ್‌ಸೂಟಿನ ಒಳಗೆ ಒತ್ತಡ ಭೂಮಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದಕ್ಕೇ 2001ರಲ್ಲಿ ಬಳಕೆಗೆ ಬಂದ ಒಂದು ವಿಧಾನದಲ್ಲಿ, ಗಗನಯಾತ್ರಿಗಳು ಹೊರಗೆ ಹೋಗುವ ಮೊದಲು ಶುದ್ಧ ಆಮ್ಲಜನಕ ಉಸಿರಾಡುತ್ತಾ ಸೈಕಲ್ ತುಳಿದು ನೈಟ್ರೋಜನ್ ಹೊರಹಾಕುತ್ತಿದ್ದರು. ವ್ಯಾಯಾಮ ಶತ್ರುವಲ್ಲ, ಒತ್ತಡ ಇಳಿಯುವ ಮೊದಲೇ ಆಗಬೇಕು ಅಷ್ಟೇ.

ಸಾಮಾನ್ಯವಾಗಿ ಕೊಡುವ ಸಲಹೆ, ಡೈವ್‌ಗೆ ಹಿಂದೆ ಮುಂದೆ 24 ಗಂಟೆ ಜೋರಾದ ವ್ಯಾಯಾಮ ಬೇಡ ಅಂತ. ದಿನಾ ಡೈವ್ ಇರುವ ವಾರದಲ್ಲಿ ಇದರ ಅರ್ಥ ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ವೇಗವಾಗಿ ಓಡುವುದು), ಟೆಂಪೋ (ಒಂದೇ ಸಮ ಜೋರಾಗಿ ಓಡುವುದು), ಲಾಂಗ್ ರನ್ (ದೂರದ ಓಟ) ಮೂರೂ ಇಲ್ಲ ಅಂತಲೇ. ಇರಲಿ ಬಿಡಿ. ಎಲ್ಲ ಒಳ್ಳೆಯ ತರಬೇತಿ ಯೋಜನೆಯಲ್ಲೂ ಕೆಲವು ವಾರಗಳಿಗೊಮ್ಮೆ ಹಗುರದ ವಾರ ಬರುತ್ತದೆ, ಮ್ಯಾರಥಾನ್‌ಗೆ ಮೊದಲಂತೂ ಎರಡು ಮೂರು ವಾರ ಓಟ ಕಡಿಮೆ ಮಾಡಲೇಬೇಕು. ಆ ಹಗುರದ ವಾರವನ್ನೇ ಡೈವಿಂಗ್‌ಗೆ ಇಟ್ಟುಕೊಳ್ಳಿ, ಸಂಜೆ ಆರಾಮಾಗಿ ನಡೆಯಿರಿ. ಗುಡ್ಡ ಹತ್ತುವ ಓಟವನ್ನು ಮಾತ್ರ ಇನ್ನೂ ಮುಂದಕ್ಕೆ ತಳ್ಳಿ, ಎತ್ತರದಲ್ಲಿ ಗಾಳಿಯ ಒತ್ತಡವೂ ಕಡಿಮೆಯಾಗುತ್ತದಲ್ಲ. ಹಲವು ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು ಅನ್ನುವುದು ಇದೇ ಕಾರಣಕ್ಕೆ.

ನನಗೆ ನಿಜವಾಗಿ ಆತಂಕ ಹುಟ್ಟಿಸುವುದು ಮಂಡಿ ನೋವು. ಬೆಂಡ್ಸ್‌ನಲ್ಲಿ ಭುಜ, ಮೊಣಕೈ, ಮಂಡಿಯ ಒಳಗೆ ಆಳವಾದ ನೋವು ಬರುತ್ತದೆ, ವಿಪರೀತ ಸುಸ್ತಾಗುತ್ತದೆ. ಓಟಗಾರರಿಗೆ ಎರಡೂ ಹಳೇ ಪರಿಚಯ! ನಿನ್ನೆ ಓಡಿದ್ದಕ್ಕೆ ಇರಬೇಕು ಅಂತ ಮಲಗಿಬಿಡುತ್ತಾರೆ. ಬಹುಪಾಲು ಲಕ್ಷಣಗಳು ನೀರಿನಿಂದ ಮೇಲೆ ಬಂದ ಆರು ಗಂಟೆಯೊಳಗೆ ಶುರುವಾಗುತ್ತವೆ, ಓಟದ ಮೈಕೈ ನೋವು ಒಂದೆರಡು ದಿನ ಬಿಟ್ಟು ಏರುತ್ತದೆ. ಸ್ನಾಯು ಒತ್ತಿದರೆ ನೋಯುವುದು ಓಟದ ನೋವಿನ ಗುಣ, ಕೀಲಿನ ನೋವು ಒತ್ತಿದರೂ ಬದಲಾಗದೆ ಇದ್ದರೆ ಅನುಮಾನ ಪಡಿ. ಆದರೆ ಈ ವ್ಯತ್ಯಾಸಗಳನ್ನು ನಂಬಿಕೊಂಡು ನೀವೇ ತೀರ್ಮಾನಕ್ಕೆ ಬರಬೇಡಿ. ಜೋಮು, ಕಾಲಲ್ಲಿ ಬಲವಿಲ್ಲದಿರುವುದು, ತಲೆಸುತ್ತು, ಮೂತ್ರ ಹೋಗದಿರುವುದು, ಚರ್ಮದ ಮೇಲೆ ನೀಲಿ ಕೆಂಪು ಚಿತ್ತಾರ ಇದ್ದರಂತೂ ಒಂದು ನಿಮಿಷವೂ ಕಾಯುವಂತಿಲ್ಲ. ಶುದ್ಧ ಆಮ್ಲಜನಕ ಕೊಡುತ್ತಾ ಡೈವಿಂಗ್ ವೈದ್ಯಕೀಯ ಗೊತ್ತಿರುವವರನ್ನು ಸಂಪರ್ಕಿಸಬೇಕು. ವಾಸಿ ಮಾಡಲು ಮತ್ತೆ ನೀರಿಗಿಳಿಯುವುದು ಅಪಾಯ, ಚಿಕಿತ್ಸೆ ಇರುವುದು ಒತ್ತಡದ ಕೋಣೆಯಲ್ಲಿ. ವೈದ್ಯರ ಹತ್ತಿರ ಡೈವ್‌ನ ಆಳ, ಸಮಯ, ನೀರಿನಿಂದ ಎದ್ದ ಹೊತ್ತು ಎಲ್ಲ ಹೇಳಿ. ಆಮೇಲೆ ಓಡಿದ್ದಿದ್ದರೆ, ನೋವು ಓಟಕ್ಕೆ ಮೊದಲು ಬಂತಾ ನಂತರ ಬಂತಾ ಅನ್ನುವುದನ್ನೂ ಹೇಳಿ.